ಹಲ್ಲು ನೋಡದೆ ಕೊಂಡ ಗಾಡಿ

ಜಾತ್ರೆಗೆ ಎತ್ತು ಕೊಳ್ಳಲು ಹೋದ ನಮ್ಮ ಹಿರಿಯರು ಮೊದಲು ಅದರ ಬಾಯಿ ತೆರೆಸಿ ಹಲ್ಲು ಎಣಿಸುತ್ತಿದ್ದರು. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು ಎಂದು ಲೆಕ್ಕ. ಮಾರುವವನ ಬಾಯಿಗಿಂತ ಎತ್ತಿನ ಬಾಯಿಯ ಮೇಲೆ ಅವರಿಗೆ ಹೆಚ್ಚಿನ ನಂಬಿಕೆ. ಆಮೇಲೆ ಗೊರಸು ನೋಡುವರು, ನೊಗದ ಜಾಗದಲ್ಲಿ ಹೆಗಲು ಮುಟ್ಟಿ ನೋಡುವರು, ನಾಲ್ಕು ಹೆಜ್ಜೆ ನಡೆಸಿ ನೋಡುವರು. ಇಷ್ಟಾದ ಮೇಲೆಯೇ ಟವೆಲಿನ ಅಡಿಯಲ್ಲಿ ಬೆರಳು ಹಿಡಿದು ಕ್ರಯದ ಮಾತು.

ಅವರ ಮೊಮ್ಮಕ್ಕಳಾದ ನಾವು ಕಾರು ಕೊಳ್ಳಲು ಹೋಗುತ್ತೇವೆ. ಬಾಗಿಲು ತೆರೆದು ಕುಳಿತು ಮೀಟರು ನೋಡುತ್ತೇವೆ. ಅದರಲ್ಲಿ ಕಂಡ ಅಂಕಿಗಳನ್ನು ದೇವರ ಪ್ರಸಾದದಂತೆ ಕಣ್ಣಿಗೊತ್ತಿಕೊಂಡು ಮುಂಗಡ ಕೊಟ್ಟು ಬರುತ್ತೇವೆ. ನನ್ನ ತಂಗಿಯ ಗಂಡ ಮಾಡಿದ್ದೂ ಇದನ್ನೇ. ಅವರ ಕಥೆಯನ್ನು ಇಲ್ಲಿ ಬರೆಯಲು ಅವರ ಒಪ್ಪಿಗೆ ಇದೆ. ಹೆಸರು ಬೇಡ ಎಂದಿದ್ದಾರೆ, ಮಾರಿದವರ ಹೆಸರೂ ಬೇಡ ಎಂದಿದ್ದಾರೆ. ಹೆಸರಿನಿಂದ ಓದುಗರಿಗೆ ಆಗಬೇಕಾದ್ದೂ ಏನಿಲ್ಲ. ಇಂಥದ್ದು ಸೇಲಂನಲ್ಲಿ ಆಗುವಂತೆ ಮಂಗಳೂರಿನಲ್ಲೂ ಆಗಬಹುದು, ಕಾಸರಗೋಡಿನಲ್ಲೂ ಆಗಬಹುದು.

ತೊಪ್ಪೂರು ಘಾಟಿಯಲ್ಲಿ

ಭಾವನವರು ಉದ್ಯೋಗದ ನಿಮಿತ್ತ ಧರ್ಮಪುರಿಯಲ್ಲಿ ಮನೆ ಮಾಡಿ ಹತ್ತು ವರ್ಷ ದಾಟಿದೆ. ಧರ್ಮಪುರಿ ಎಂದರೆ ನಮ್ಮವರಿಗೆ ದೂರದ ಊರೆನಿಸಬಹುದು. ಆದರೆ ಅದು ಕನ್ನಡಕ್ಕೆ ಅಪರಿಚಿತ ನೆಲವಲ್ಲ. ತಗಡೂರು ಎಂಬ ಹಳೆಯ ಹೆಸರಿನ ಆ ಊರನ್ನು ನೊಳಂಬರು ಆಳಿದ ಕಾಲದ ಕನ್ನಡ ಶಾಸನಗಳು ಅಲ್ಲಿ ಸಿಕ್ಕಿವೆ. 1965ರವರೆಗೆ ಅದು ಸೇಲಂ ಜಿಲ್ಲೆಯ ಭಾಗವಾಗಿತ್ತು. ಆ ವರ್ಷ ಧರ್ಮಪುರಿ ಬೇರೆ ಜಿಲ್ಲೆಯಾಯಿತು. 2004ರಲ್ಲಿ ಅದರಿಂದ ಕೃಷ್ಣಗಿರಿ ಬೇರೆಯಾದಾಗ, ಹೊಸೂರು, ಡೆಂಕಣಿಕೋಟೆಯ ಕಡೆಯ ಕನ್ನಡ ಮನೆಗಳು ಆ ಹೊಸ ಜಿಲ್ಲೆಗೆ ಸೇರಿದವು. ಸೇಲಂ ಪೇಟೆಯ ದೇವಾಂಗ ನೇಕಾರರ ಎಷ್ಟೋ ಮನೆಗಳಲ್ಲಿ ಇಂದಿಗೂ ಕನ್ನಡದ ಮಾತಿದೆ. ಮಾತಿದೆ, ಆದರೆ ಅಕ್ಷರ ತಮಿಳು. ನಮ್ಮ ಭಾವನವರದು ಇದಕ್ಕೆ ತಿರುಗುಮುರುಗು. ಅಕ್ಷರ ಕನ್ನಡ, ವ್ಯವಹಾರದ ಮಾತು ತಮಿಳು. ತಮಿಳನ್ನು ಸರಾಗವಾಗಿ ಆಡುತ್ತಾರೆ. ಓದಲು ಹೊರಟರೆ ಬಸ್ಸಿನ ಬೋರ್ಡಿನ ಆಚೆ ಹೋಗದು.

2023ರ ಜೂನ್ ತಿಂಗಳಲ್ಲಿ ಅವರು ಸೇಲಂನ ಒಬ್ಬ ಹಳೆ ಕಾರು ವ್ಯಾಪಾರಿಯಿಂದ 2015ರ ಮಾದರಿಯ ಒಂದು ಡೀಸೆಲ್ ಕಾರನ್ನು 3,40,000 ರೂಪಾಯಿಗೆ ಕೊಂಡರು. ಮೀಟರಿನಲ್ಲಿ 47,612 ಕಿ.ಮೀ. ಎಂಟು ವರ್ಷದ ಡೀಸೆಲ್ ಗಾಡಿ ಇಷ್ಟು ಕಡಿಮೆ ಓಡಿದ್ದು ಹೇಗೆಂದು ಕೇಳಿದ್ದಕ್ಕೆ, ಹಿಂದಿನ ಯಜಮಾನರು ವಯಸ್ಸಾದವರು, ಭಾನುವಾರ ದೇವಸ್ಥಾನಕ್ಕೆ ಹೋಗಲು ಮಾತ್ರ ತೆಗೆಯುತ್ತಿದ್ದರು ಎಂಬ ಉತ್ತರ ಬಂತಂತೆ. ಹಳೆ ಕಾರು ಮಾರುವ ಊರುಗಳಲ್ಲೆಲ್ಲ ಈ ವಯಸ್ಸಾದ ದೈವಭಕ್ತರು ಒಬ್ಬರು ಇದ್ದೇ ಇರುತ್ತಾರೆ.

ಜುಲೈಯಲ್ಲಿ ನಾನು ಅಮ್ಮನನ್ನು ಕರೆದುಕೊಂಡು ಕಾಸರಗೋಡಿನಿಂದ ರೈಲು ಹತ್ತಿ ಬೆಳಗಿನ ಹೊತ್ತು ಸೇಲಂನಲ್ಲಿ ಇಳಿದೆ. ಭಾವನವರು ಹೊಸ ಬಟ್ಟೆ ತೊಟ್ಟ ಹುಡುಗನಂತೆ ಕಾರಿನ ಪಕ್ಕದಲ್ಲಿ ನಿಂತಿದ್ದರು. ಅಮ್ಮ ಗಾಡಿಗೆ ಕೈ ಮುಗಿದು ಹಿಂದಿನ ಸೀಟಿನಲ್ಲಿ ಕುಳಿತಳು. ಸೇಲಂ ಬಿಟ್ಟು ಧರ್ಮಪುರಿಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ತೊಪ್ಪೂರು ಘಾಟಿ ಸಿಗುತ್ತದೆ. ಆ ಕಡೆಯಿಂದ ಇಳಿಯುವ ಲಾರಿಗಳ ಬ್ರೇಕು ಸೋತು ಅಪಘಾತವಾಗುವುದಕ್ಕೆ ಹೆಸರಾದ ಜಾಗ. ನಾವು ಹತ್ತುವವರು, ನಮಗೇನು ಭಯವಿಲ್ಲ ಎಂದು ಭಾವನವರು ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಬಾನೆಟ್ಟಿನ ಸಂದಿನಿಂದ ಹೊಗೆಯೋ ಹಬೆಯೋ ತಿಳಿಯದಂತೆ ಬಿಳಿಯ ಮೋಡ ಎದ್ದಿತು.

ರಸ್ತೆಯ ಬದಿಗೆ ನಿಲ್ಲಿಸಿದೆವು. ಸ್ವಲ್ಪ ಹೊತ್ತಿನಲ್ಲಿ ಒಂದು ಲಾರಿ ನಮ್ಮ ಮುಂದೆ ನಿಂತಿತು. ಇಳಿದು ಬಂದ ಚಾಲಕ ನಾವು ಒಳಗೊಳಗೇ ಕನ್ನಡದಲ್ಲಿ ಜಗಳವಾಡುತ್ತಿರುವುದನ್ನು ಕೇಳಿ, "ಯಾವೂರು ಸ್ವಾಮಿ?" ಎಂದ. ಡೆಂಕಣಿಕೋಟೆಯ ಕಡೆಯವನಂತೆ. ಬಿಸಿ ಇರುವಾಗ ರೇಡಿಯೇಟರಿನ ಮುಚ್ಚಳ ಮುಟ್ಟಬೇಡಿ ಎಂದು ಗದರಿಸಿ ಅರ್ಧ ಗಂಟೆ ಕಾಯಿಸಿದ. ನೀರು ಹಾಕಿದ. ಆಮೇಲೆ ಚಾಲಕನ ಬಾಗಿಲು ತೆರೆದು ಒಳಗೆ ಬಗ್ಗಿ ನೋಡಿ, ಮೀಟರು ನೋಡಿ, ಭಾವನವರ ಮುಖ ನೋಡಿದ.

"ಎಷ್ಟಕ್ಕೆ ಕೊಂಡ್ರಿ?"

ಭಾವನವರು ಹೇಳಿದರು.

"ಸ್ವಾಮಿ, ಈ ಕ್ಲಚ್ ಪೆಡಲಿನ ರಬ್ಬರು ನೋಡಿ. ಸವೆದು ಕಬ್ಬಿಣ ಕಾಣ್ತಿದೆ. ನಲವತ್ತೇಳು ಸಾವಿರ ಓಡಿದ ಗಾಡಿಗೆ ಇಷ್ಟು ಸವೆಯಲ್ಲ. ಮೀಟರು ಸುಳ್ಳು ಹೇಳಬಹುದು, ಪೆಡಲು ಹೇಳಲ್ಲ."

ಒಂದು ಚಹಾ ಕುಡಿಯಲೂ ನಿಲ್ಲದೆ ಅವನು ಹೊರಟುಹೋದ. ಅಲ್ಲಿಂದ ಧರ್ಮಪುರಿಯವರೆಗೆ ಭಾವನವರು ಒಂದು ಮಾತೂ ಆಡಲಿಲ್ಲ.

84,258 ಕಿ.ಮೀ. ಎಲ್ಲಿ ಹೋಯಿತು?

ಧರ್ಮಪುರಿಯ ಮೆಕ್ಯಾನಿಕ್ ಗಾಡಿಯನ್ನು ಒಂದು ದಿನ ಇಟ್ಟುಕೊಂಡು ನೋಡಿದರು. ಹೆಡ್ ಗ್ಯಾಸ್ಕೆಟ್ ಹೋಗಿದೆ, ನೀರಿನ ಪಂಪು ಸೋರುತ್ತಿದೆ, ಕ್ಲಚ್ ಪ್ಲೇಟು ಕೊನೆಯುಸಿರು ಎಳೆಯುತ್ತಿದೆ ಎಂದರು. ನಾಲ್ಕು ಟಯರುಗಳ ಪೈಕಿ ಮೂರು 2021ರ ಕೊನೆಯಲ್ಲಿ ತಯಾರಾದವು. ಟಯರಿನ ಬದಿಯಲ್ಲಿ ನಾಲ್ಕು ಅಂಕಿಗಳ ಒಂದು ಗುರುತು ಇರುತ್ತದೆ. ಮೊದಲ ಎರಡು ವಾರವನ್ನೂ ಕೊನೆಯ ಎರಡು ವರ್ಷವನ್ನೂ ಹೇಳುತ್ತವೆ. 4521 ಎಂದಿದ್ದರೆ 2021ರ 45ನೆಯ ವಾರ ಎಂದರ್ಥ. ಮೊದಲ ಜೊತೆ ಟಯರು ಸಾಮಾನ್ಯವಾಗಿ 40,000 ಕಿ.ಮೀ. ಆಸುಪಾಸು ಬರುತ್ತದೆ, ಆದುದರಿಂದ ಇದೊಂದೇ ದೊಡ್ಡ ಸಾಕ್ಷಿಯಲ್ಲ. ಆದರೆ ಅಲ್ಲಿ ಸ್ಪೇರ್ ಚಕ್ರದ ಟಯರೂ ಸವೆದು ಬೋಳಾಗಿತ್ತು. ಅಂದರೆ ಅದೂ ಒಂದು ಸುತ್ತು ದುಡಿದು ಮೂಲೆ ಸೇರಿದ ಟಯರು.

ಮೆಕ್ಯಾನಿಕ್ ಕೊಟ್ಟ ಮುಖ್ಯವಾದ ಸಲಹೆ ಇನ್ನೊಂದು. ಆ ಕಂಪೆನಿಯ ಅಧಿಕೃತ ಸರ್ವಿಸ್ ಕೇಂದ್ರಕ್ಕೆ ಹೋಗಿ, ಆರ್.ಸಿ. ತೋರಿಸಿ, ಚಾಸಿ ನಂಬರಿನ ಮೇಲೆ ಹಿಂದಿನ ದಾಖಲೆ ಕೇಳಿ ಎಂದರು. ಕಂಪೆನಿಯ ಕೇಂದ್ರಗಳಲ್ಲಿ ಸರ್ವಿಸಿಗೆ ಬಿಟ್ಟಾಗಲೆಲ್ಲ ಮೀಟರಿನ ಅಂಕಿಯನ್ನು ಕಂಪ್ಯೂಟರಿನಲ್ಲಿ ಬರೆದಿಡುತ್ತಾರೆ. ಭಾವನವರಿಗೆ ಸಿಕ್ಕಿದ ದಾಖಲೆಯ ಕೊನೆಯ ಸಾಲು 2022ರ ಮಾರ್ಚ್ ತಿಂಗಳದ್ದು. ಅಂದು ಆ ಗಾಡಿ ಓಡಿದ್ದು 1,31,870 ಕಿ.ಮೀ.

ಅದರಲ್ಲಿ 47,612 ಕಳೆದರೆ ಉಳಿಯುವುದು 84,258. ಇಷ್ಟು ಕಿಲೋಮೀಟರು ಮಾಯವಾಗಿತ್ತು. ಆ ಮಾರ್ಚಿನಿಂದ ಮರುವರ್ಷದ ಜೂನಿನವರೆಗೆ ಎಷ್ಟು ಓಡಿತೋ ಅದು ಲೆಕ್ಕಕ್ಕೇ ಸಿಗದು.

ಇಲ್ಲೊಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಮೀಟರಿನ ಅಂಕಿ ಕಡಿಮೆ ಇದ್ದ ಕೂಡಲೇ ಮಾರಿದವನೇ ಕಳ್ಳ ಎನ್ನಲಾಗದು. ಮೀಟರು ಕೆಟ್ಟು ಬೇರೆಯದನ್ನು ಕೂರಿಸಿದರೆ ಅದು ಸೊನ್ನೆಯಿಂದ ಆರಂಭವಾಗಬಹುದು. ಆದರೆ ಹಾಗೆ ಬದಲಿಸಿದ್ದಕ್ಕೆ ಬಿಲ್ಲು ಇರಬೇಕು, ಮಾರುವಾಗ ಹೇಳಬೇಕು. ಮೂರು ಕೈ ದಾಟಿ ಬಂದ ಗಾಡಿಯಲ್ಲಿ ಯಾವ ಕೈ ಅದನ್ನು ಹಿಂದಕ್ಕೆ ತಿರುಗಿಸಿತು ಎಂಬುದನ್ನು ಹೇಳುವುದು ಕಷ್ಟ. ನಮ್ಮ ಭಾವನವರಿಗೆ ಇಂದಿಗೂ ಅದು ತಿಳಿದಿಲ್ಲ.

ಹಿಂದೆ ತಂತಿ, ಈಗ ಚಿಪ್ಪು

ಅಂಬಾಸಿಡರ್, ಫಿಯೆಟ್ ಕಾಲದಲ್ಲಿ ಹಳೆ ಗಾಡಿ ಕೊಳ್ಳುವವರು ಮೀಟರಿಗೆ ಅಷ್ಟಾಗಿ ಬೆಲೆ ಕೊಡುತ್ತಿರಲಿಲ್ಲ. ಎಂಜಿನ್ ಬೋರ್ ಮಾಡಿಸಿದೆಯೇ, ಚಾಸಿ ತುಕ್ಕು ಹಿಡಿದಿದೆಯೇ ಎಂದು ಕೇಳುತ್ತಿದ್ದರು. ಗೇರ್‌ಬಾಕ್ಸಿನಿಂದ ಬಂದ ಒಂದು ತಿರುಗುವ ಕೇಬಲ್ ಮೀಟರಿನ ಹಲ್ಲುಚಕ್ರಗಳನ್ನು ತಿರುಗಿಸುತ್ತಿತ್ತು. ಆ ಕೇಬಲ್ ತುಂಡಾದರೆ ಗಾಡಿ ಕಾಶಿಗೆ ಹೋಗಿ ಬಂದರೂ ಮೀಟರು ಮನೆಯಲ್ಲೇ ಇರುತ್ತಿತ್ತು. ಎಷ್ಟೋ ಮೀಟರುಗಳಲ್ಲಿ ಐದೇ ಅಂಕಿ. 99,999 ಆದ ಮೇಲೆ ಮತ್ತೆ ಸೊನ್ನೆ. ಹೀಗಾಗಿ ಅದನ್ನು ನಂಬುವ ಪ್ರಶ್ನೆಯೇ ಬರುತ್ತಿರಲಿಲ್ಲ.

ಈಗಿನ ಮೀಟರಿನಲ್ಲಿ ಕೇಬಲ್ ಇಲ್ಲ. ಸೆನ್ಸರ್ ಕಳಿಸುವ ಮಿಡಿತಗಳನ್ನು ಎಣಿಸಿ ಅಂಕಿಯನ್ನು ಒಂದು ಚಿಪ್ಪಿನಲ್ಲಿ ಬರೆದಿಡುತ್ತದೆ. ಅಂಕಿ ವಿದ್ಯುತ್ತಿನಲ್ಲಿ ಮೂಡುವುದರಿಂದ ಅದಕ್ಕೆ ಸುಳ್ಳು ಗೊತ್ತಿಲ್ಲ ಎಂಬ ಭ್ರಮೆ ನಮಗೆ. ವಾಸ್ತವದಲ್ಲಿ, ಬರೆದದ್ದನ್ನು ಅಳಿಸಿ ಬೇರೆ ಬರೆಯುವ ಉಪಕರಣಗಳೂ ಅದರೊಂದಿಗೇ ಹುಟ್ಟಿಕೊಂಡಿವೆ. ಮೊದಲು ಹಲ್ಲುಚಕ್ರಕ್ಕೆ ಸ್ಕ್ರೂಡ್ರೈವರ್ ಹಾಕಿದರೆ ಗೀರು ಉಳಿಯುತ್ತಿತ್ತು, ಅಂಕಿಗಳು ಸಾಲು ತಪ್ಪಿ ನಿಲ್ಲುತ್ತಿದ್ದವು. ಈಗ ಗೀರೂ ಇಲ್ಲ. ಒಂದು ಸಮಾಧಾನವೆಂದರೆ ಕೆಲವು ಗಾಡಿಗಳಲ್ಲಿ ಎಂಜಿನ್, ಬ್ರೇಕು ಮುಂತಾದವುಗಳ ಬೇರೆ ಬೇರೆ ಕಂಪ್ಯೂಟರುಗಳೂ ಓಡಿದ ದೂರವನ್ನು ತಮ್ಮಲ್ಲಿ ಬರೆದಿಟ್ಟುಕೊಳ್ಳುತ್ತವೆ. ಸ್ಕ್ಯಾನರ್ ಹಾಕಿ ಅವನ್ನು ಮೀಟರಿನೊಂದಿಗೆ ಹೋಲಿಸಿದರೆ ಕೆಲವೊಮ್ಮೆ ಗುಟ್ಟು ರಟ್ಟಾಗುತ್ತದೆ.

ಇದು ನಮ್ಮ ದೇಶದ ರೋಗ ಮಾತ್ರವೂ ಅಲ್ಲ. ಅಮೆರಿಕದಲ್ಲಿ 1972ರಷ್ಟು ಹಿಂದೆಯೇ ಮೀಟರು ತಿರುಗಿಸುವುದನ್ನು ತಡೆಯಲು ರಾಷ್ಟ್ರೀಯ ಕಾನೂನು ಬಂತು. ಹಾಗಿದ್ದೂ ವರ್ಷಕ್ಕೆ ನಾಲ್ಕೂವರೆ ಲಕ್ಷಕ್ಕಿಂತ ಹೆಚ್ಚು ಗಾಡಿಗಳು ಸುಳ್ಳು ಅಂಕಿಯೊಂದಿಗೆ ಮಾರಾಟವಾಗುತ್ತವೆ ಎಂಬುದು ಅಲ್ಲಿನ ಹೆದ್ದಾರಿ ಸುರಕ್ಷತಾ ಇಲಾಖೆಯ ಅಂದಾಜು. ಬೆಲ್ಜಿಯಂ ಎಂಬ ಪುಟ್ಟ ದೇಶ ಬೇರೆ ದಾರಿ ಹಿಡಿಯಿತು. ಗ್ಯಾರೇಜಿನವರು ಗಾಡಿ ಬಂದಾಗಲೆಲ್ಲ ಮೀಟರಿನ ಅಂಕಿಯನ್ನು ಒಂದು ಕೇಂದ್ರ ದಾಖಲೆಗೆ ಕಳಿಸಬೇಕು. ಮಾರುವವನು ಆ ದಾಖಲೆಯ ಪ್ರಮಾಣಪತ್ರ ಕೊಡಬೇಕು. ‘ಕಾರ್-ಪಾಸ್’ ಎಂಬ ಈ ವ್ಯವಸ್ಥೆ 2006ರಿಂದ ನಡೆಯುತ್ತಿದೆ.

ನಮ್ಮಲ್ಲಿ ಅಂಥ ಕೇಂದ್ರ ದಾಖಲೆ ಇಲ್ಲ. ಆದರೆ 2022ರ ಡಿಸೆಂಬರಿನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಒಂದು ತಿದ್ದುಪಡಿ ಬಂದು 2023ರ ಏಪ್ರಿಲ್ 1ರಿಂದ ಜಾರಿಯಾಗಿದೆ. ಅದರಂತೆ ಹಳೆ ವಾಹನದ ವ್ಯಾಪಾರಿ ನೋಂದಣಿ ಪ್ರಾಧಿಕಾರದಿಂದ ಅಧಿಕಾರಪತ್ರ ಪಡೆಯಬೇಕು. ಯಜಮಾನ ಗಾಡಿಯನ್ನು ವ್ಯಾಪಾರಿಗೆ ಒಪ್ಪಿಸಿದ್ದನ್ನು ತಿಳಿಸಬೇಕು. ತನ್ನ ವಶದಲ್ಲಿರುವಾಗ ಗಾಡಿ ಎಲ್ಲಿಗೆ, ಯಾಕೆ, ಎಷ್ಟು ದೂರ ಓಡಿತೆಂದು ವ್ಯಾಪಾರಿ ವಿದ್ಯುನ್ಮಾನ ದಾಖಲೆ ಇಡಬೇಕು. ಆದುದರಿಂದ ವ್ಯಾಪಾರಿಯೊಡನೆ ಕೇಳಬೇಕಾದ ಮೊದಲ ಪ್ರಶ್ನೆ ಗಾಡಿಯ ಬಣ್ಣದ್ದಲ್ಲ, ಆ ಅಧಿಕಾರಪತ್ರದ್ದು.

ಓದಲಾಗದ ಕಾಗದಕ್ಕೆ ಹಾಕಿದ ರುಜು

ದಾಖಲೆ ಹಿಡಿದು ಸೇಲಂಗೆ ಹೋದ ಭಾವನವರ ಮುಂದೆ ವ್ಯಾಪಾರಿ ಒಂದು ಕಾಗದ ಬಿಡಿಸಿದ. ಗಾಡಿ ಕೊಂಡ ದಿನ ಭಾವನವರೇ ರುಜು ಹಾಕಿದ ತಮಿಳು ಕರಾರು. "ಇದ್ದ ಸ್ಥಿತಿಯಲ್ಲಿ ನೋಡಿ, ಪರೀಕ್ಷಿಸಿ, ಒಪ್ಪಿ ಕೊಂಡಿದ್ದೇನೆ. ಮುಂದೆ ಯಾವ ದೂರೂ ಇಲ್ಲ" ಎಂಬರ್ಥದ ಸಾಲು ಅದರಲ್ಲಿತ್ತು. ಅಂದು ಅವರು ಕೇಳಿದ್ದಕ್ಕೆ, "ಏನಿಲ್ಲ ಸಾರ್, ಹಣ ಸಂದಾಯವಾದ್ದಕ್ಕೆ ಒಂದು ರುಜು" ಎಂದಿದ್ದನಂತೆ.

ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಧರ್ಮಪುರಿಯಲ್ಲಿ ತಮಿಳು ಕಾಗದ, ನಮ್ಮಲ್ಲಿ ಮಲಯಾಳದ ಕಾಗದ. ಮಾತು ಬರುತ್ತದೆ, ಅಕ್ಷರ ಬಾರದು. ಬಾರದು ಎಂದು ಹೇಳಲು ಸಂಕೋಚ. ಅಂಗಡಿಯವನ ಮುಂದೆ ದಡ್ಡರಾಗಿ ಕಾಣಬಾರದೆಂದು ರುಜು ಹಾಕಿ ಬರುತ್ತೇವೆ. ಸರಕಾರದ ಕಚೇರಿಗಳ ವಿಷಯದಲ್ಲಿ ನಮಗೆ ಒಂದಿಷ್ಟು ರಕ್ಷಣೆ ಇದೆ. ಕೇರಳದ 1969ರ ಆಡಳಿತ ಭಾಷಾ ಕಾನೂನು ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಪತ್ರ ವ್ಯವಹಾರ ನಡೆಸುವ ಅವಕಾಶ ಕೊಟ್ಟಿದೆ. ಅಹವಾಲನ್ನು ರಾಜ್ಯದಲ್ಲೋ ಕೇಂದ್ರದಲ್ಲೋ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಕೊಡಬಹುದೆಂದು ಸಂವಿಧಾನದ 350ನೆಯ ವಿಧಿ ಹೇಳುತ್ತದೆ. ಆದರೆ ಖಾಸಗಿಯವರ ಕರಾರಿಗೆ ಈ ಯಾವ ರಕ್ಷಣೆಯೂ ಇಲ್ಲ. ರುಜು ಹಾಕಿದವನು ಓದಿಯೇ ಹಾಕಿದ್ದಾನೆಂದು ಕಾನೂನು ಮೊದಲಿಗೆ ಭಾವಿಸುತ್ತದೆ. ಓದಲಾಗದು ಎನ್ನಲು ನಾಚಿದ ಒಂದು ನಿಮಿಷಕ್ಕೆ ತೆರುವ ಬೆಲೆ ಲಕ್ಷಗಳಲ್ಲಿರಬಹುದು.

ಭಾವನವರನ್ನು ಕಾಪಾಡಿದ್ದು ಎರಡು ಸಣ್ಣ ಸಂಗತಿಗಳು. ಗಾಡಿ ನೋಡುವ ಮೊದಲು ವ್ಯಾಪಾರಿ ಮೊಬೈಲಿಗೆ ಕಳಿಸಿದ ಸಂದೇಶದಲ್ಲಿ "47,600 ಕಿ.ಮೀ. ಮಾತ್ರ" ಎಂದು ಬರೆದಿದ್ದ. ಗಾಡಿ ಒಪ್ಪಿಸಿದ ಚೀಟಿಯಲ್ಲೂ ಆ ಅಂಕಿ ಇತ್ತು. ಭಾವನವರು ಅದನ್ನು ಅಳಿಸಿರಲಿಲ್ಲ, ಎಸೆದಿರಲಿಲ್ಲ.

ಕಾನೂನು ಏನು ಕೊಡುತ್ತದೆ

ಅವರು ಕಂಡ ವಕೀಲರು ಹೇಳಿದ್ದನ್ನು ನಾಲ್ಕು ಮಾತಿನಲ್ಲಿ ಬರೆಯುತ್ತೇನೆ. ಕೊಳ್ಳುವವನು ನೋಡಿಕೊಂಡು ಕೊಳ್ಳಬೇಕು ಎಂಬುದು 1930ರ ಸರಕು ಮಾರಾಟ ಕಾನೂನಿನ ಸಾಮಾನ್ಯ ತತ್ವ. ಹಳೆಯ ಗಾಡಿಯಲ್ಲಿ ಹಳತನದ ದೋಷ ಇದ್ದೇ ಇರುತ್ತದೆ, ಅದಕ್ಕೆಲ್ಲ ಮಾರಿದವನನ್ನು ಹಿಡಿಯಲಾಗದು. ಆದರೆ ಸುಳ್ಳು ಸಂಗತಿಯನ್ನು ನಿಜವೆಂದು ಹೇಳಿ ಒಪ್ಪಿಸಿದರೆ ಕಥೆ ಬೇರೆ. 1872ರ ಕರಾರು ಕಾನೂನಿನಂತೆ ವಂಚನೆಯಿಂದಲೋ ತಪ್ಪು ನಿರೂಪಣೆಯಿಂದಲೋ ಪಡೆದ ಒಪ್ಪಿಗೆಯನ್ನು ಮೋಸಹೋದವನು ರದ್ದುಪಡಿಸಬಹುದು. ‘ಇದ್ದ ಸ್ಥಿತಿಯಲ್ಲಿ’ ಎಂಬ ಸಾಲು ಸವೆದ ಕ್ಲಚ್ಚಿಗೆ ಕೊಡೆಯಾದೀತು, ಬರೆದುಕೊಟ್ಟ ಸುಳ್ಳು ಅಂಕಿಗೆ ಹಾಗೆ ಸುಲಭವಾಗಿ ಕೊಡೆಯಾಗದು.

ಮಾರಿದವನು ವ್ಯಾಪಾರಿಯಾಗಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗಬಹುದು. 2019ರ ಗ್ರಾಹಕ ಸಂರಕ್ಷಣಾ ಕಾನೂನು 2020ರ ಜುಲೈಯಲ್ಲಿ ಜಾರಿಯಾದ ಮೇಲೆ ಒಂದು ದೊಡ್ಡ ಅನುಕೂಲವಾಗಿದೆ. ಕೊಂಡ ಊರಿಗೇ ಅಲೆಯಬೇಕಾಗಿಲ್ಲ, ಗ್ರಾಹಕ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಬೆಂಗಳೂರಿನಲ್ಲಿ ಗಾಡಿ ಕೊಂಡ ಕಾಸರಗೋಡಿನವರು ಕಾಸರಗೋಡಿನ ಆಯೋಗಕ್ಕೇ ಹೋಗಬಹುದು. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರಿಲ್ಲದೆ ತಾನೇ ವಾದಿಸಬಹುದು. ಎರಡು ವರ್ಷದೊಳಗೆ ದೂರು ಕೊಡಬೇಕು. 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನು ಮಾಡಿ ಮೊದಲು ವಿಚಾರಿಸಬಹುದು.

ಮಾರಿದವನು ವ್ಯಾಪಾರಿಯಲ್ಲ, ತನ್ನ ಮನೆಯ ಗಾಡಿ ಮಾರಿದ ಸಾಮಾನ್ಯ ಮನುಷ್ಯ ಎಂದಾದರೆ ಈ ದಾರಿ ಸಾಮಾನ್ಯವಾಗಿ ಮುಚ್ಚಿರುತ್ತದೆ. ಸಿವಿಲ್ ನ್ಯಾಯಾಲಯವೇ ಗತಿ. ಪೋಲೀಸು ದೂರಿಗೆ ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಂ ಇದೆ. 2024ರ ಜುಲೈ 1ಕ್ಕೆ ಮೊದಲು ಇದೇ ನಮ್ಮೆಲ್ಲರ ಬಾಯಲ್ಲಿದ್ದ 420. ಆದರೆ ಅದಕ್ಕೆ ಮೊದಲಿನಿಂದಲೇ ಮೋಸದ ಉದ್ದೇಶವಿತ್ತೆಂದು ತೋರಿಸಬೇಕು, ಮೂರು ಕೈ ದಾಟಿದ ಗಾಡಿಯಲ್ಲಿ ಅದು ಬಲು ಕಷ್ಟ.

ಭಾವನವರು ಮೆಕ್ಯಾನಿಕ್‌ನ ಲಿಖಿತ ವರದಿ, ಸರ್ವಿಸ್ ದಾಖಲೆ, ಸಂದೇಶದ ಪ್ರತಿ, ಒಪ್ಪಿಸಿದ ಚೀಟಿ ಇಷ್ಟನ್ನೂ ಜೋಡಿಸಿ ಮೊದಲು ರಿಜಿಸ್ಟರ್ಡ್ ಅಂಚೆಯಲ್ಲಿ ನೋಟೀಸು ಕಳಿಸಿದರು. (ಆ ಸೇವೆ 2025ರ ಸೆಪ್ಟೆಂಬರ್ 1ರಿಂದ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ. ಈಗ ಕಳಿಸುವವರು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಶೀದಿ ಇಟ್ಟುಕೊಳ್ಳಬೇಕು.) ಉತ್ತರ ಬರಲಿಲ್ಲ. 2024ರ ಜನವರಿಯಲ್ಲಿ ಆಯೋಗಕ್ಕೆ ದೂರು ಕೊಟ್ಟರು. ಎಷ್ಟೋ ವಾಯಿದೆಗಳ ನಂತರ ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸಿದಾಗ ವ್ಯಾಪಾರಿ 70,000 ರೂಪಾಯಿ ಕೊಡಲು ಒಪ್ಪಿದ. ನಾನು ತಿರುಗಿಸಿಲ್ಲ, ನನಗೆ ಬಂದದ್ದೇ ಹಾಗೆ ಎಂಬ ಮಾತನ್ನು ಕೊನೆಯವರೆಗೂ ಬಿಡಲಿಲ್ಲ. ರಿಪೇರಿಗೆ ಅಷ್ಟರಲ್ಲಿ 58,000 ಹೋಗಿತ್ತು. ಓಡಾಟ, ರಜೆ, ನಿದ್ದೆಗೆಟ್ಟ ರಾತ್ರಿಗಳಿಗೆ ಬಿಲ್ಲಿಲ್ಲ. ಗೆಲುವೋ ಸೋಲೋ ಎಂದು ನಾನು ಕೇಳಿದ್ದಕ್ಕೆ, "ಗಾಡಿ ನನ್ನದೇ ಉಳಿಯಿತಲ್ಲ ಭಾವ, ಆದುದರಿಂದ ಪೂರ್ತಿ ಗೆಲುವಲ್ಲ" ಎಂದರು.

ಅಮ್ಮನ ಮಾತು

ಇನ್ನು ಹೇಳಬೇಕಾದ್ದು ನನಗೆ ಹೆಮ್ಮೆ ತರುವ ಸಂಗತಿಯಲ್ಲ. ರಾಜಿಯಾದ ಮೇಲೆ ಭಾವನವರು ಊರಿಗೆ ಬಂದಿದ್ದರು. ಚಾವಡಿಯಲ್ಲಿ ಕುಳಿತು ಮಾತಾಡುವಾಗ ನಾನೇ ಹೇಳಿದೆ: "ಭಾವ, ಆ ಗಾಡಿ ಇನ್ನು ಯಾಕೆ ನಿಮಗೆ? ಮೀಟರಿನಲ್ಲಿ ಈಗಲೂ 60,000 ದಾಟಿಲ್ಲ. ಕೊಂಡ ಬೆಲೆಗೆ ಹತ್ತಿರ ಹತ್ತಿರ ಹೋದೀತು. ನಾವೇನು ತಿರುಗಿಸಿದ್ದೇವೆಯೇ? ಕೇಳಿದರೆ ಮೀಟರು ತೋರಿಸಿದರಾಯಿತು."

ಭಾವನವರು ಸುಮ್ಮನಿದ್ದರು. ಇಲ್ಲ ಎನ್ನಲಿಲ್ಲ. ಒಳಗೆ ಅಡಕೆ ಹೋಳು ಮಾಡುತ್ತಿದ್ದ ಅಮ್ಮ ಅಲ್ಲಿಂದಲೇ ಹೇಳಿದಳು:

"ಒಂದೂವರೆ ವರ್ಷ ತಿರುಗಿಸಿದವನು ಯಾರು ಯಾರು ಎಂದು ಹುಡುಕಿದಿರಿ. ಇನ್ನು ಹುಡುಕಬೇಕಾಗಿಲ್ಲ. ಸಿಕ್ಕಿದ."

ಅನಂತರ ಆ ವಿಷಯ ಯಾರೂ ಎತ್ತಲಿಲ್ಲ. ನನಗೆ ಆ ರಾತ್ರಿ ಊಟ ಸೇರಲಿಲ್ಲವೆಂದು ಬರೆದರೆ ಅತಿಶಯೋಕ್ತಿಯಾದೀತು, ಊಟ ಮಾಡಿದೆ. ಆದರೆ ಸೇಲಂನ ವ್ಯಾಪಾರಿ ಹೇಳುತ್ತಿದ್ದ "ನನಗೆ ಬಂದದ್ದೇ ಹಾಗೆ" ಎಂಬ ಮಾತು ಎಷ್ಟು ಸಲೀಸಾಗಿ ನನ್ನ ಬಾಯಿಗೂ ಬಂತಲ್ಲ ಎಂದು ಯೋಚನೆಯಾಯಿತು. ಒಬ್ಬ ತಿರುಗಿಸುತ್ತಾನೆ. ಅನಂತರದವರೆಲ್ಲ ಸುಮ್ಮನಿದ್ದರೆ ಸಾಕು, ಸುಳ್ಳು ತಾನಾಗಿಯೇ ಓಡುತ್ತದೆ, ಡೀಸೆಲೂ ಬೇಡ.

ಧರ್ಮಪುರಿಗೆ ಮರಳಿದ ಭಾವನವರು ಮೀಟರಿನ ಕೆಳಗೆ ಒಂದು ಚೀಟಿ ಅಂಟಿಸಿದರು. ತಮಿಳಿನಲ್ಲೂ ಕನ್ನಡದಲ್ಲೂ ಬರೆದದ್ದು: "ಇದಕ್ಕೆ 84,258 ಸೇರಿಸಿ ಓದಿ. ಅದೂ ಕಡಿಮೆಯೇ." ತಮಿಳು ಸಾಲನ್ನು ಅವರ ಮಗಳು ಬರೆದುಕೊಟ್ಟಳಂತೆ. ಅವಳು ಶಾಲೆಯಲ್ಲಿ ತಮಿಳು ಓದುತ್ತಾಳೆ. ಅಪ್ಪನೂ ಈಗ ಅವಳ ಒಂದನೆಯ ತರಗತಿಯ ಪುಸ್ತಕ ಹಿಡಿದು ಕೂರುತ್ತಾನೆಂದು ತಂಗಿ ಫೋನಿನಲ್ಲಿ ನಗುತ್ತಾಳೆ.

ಕೊಳ್ಳುವವರಿಗೆ, ಮಾರುವವರಿಗೆ

ಹಳೆ ಗಾಡಿ ಬೇಡವೆಂದು ನಾನು ಹೇಳಲಾರೆ. ಅಡಕೆ ಮಾರಿದ ಹಣದಲ್ಲೋ ಗಲ್ಫಿನಿಂದ ಮಗ ಕಳಿಸಿದ ಹಣದಲ್ಲೋ ಒಂದು ಗಾಡಿ ಕೊಳ್ಳುವ ನಮ್ಮ ಮನೆಗಳಿಗೆ ಹೊಸದರ ಬೆಲೆ ಎಟುಕದೆ ಹೋಗಬಹುದು. ಕೊಳ್ಳಿ, ಹಲ್ಲು ನೋಡಿ ಕೊಳ್ಳಿ.

ಮೊದಲು ಬಾಯಿ ಲೆಕ್ಕ ಹಾಕಿ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿ.ಮೀ. ದಿನವೂ ಹೋಗಿ ಬರುವವನ ಗಾಡಿ ವರ್ಷದಲ್ಲಿ 300 ದಿನಕ್ಕೆ 30,000 ಕಿ.ಮೀ. ಓಡುತ್ತದೆ. ಹಿಂದಿನ ಯಜಮಾನನ ಉದ್ಯೋಗ ಕೇಳಿದರೆ ಮೀಟರು ಎಷ್ಟಿರಬೇಕೆಂಬ ಅಂದಾಜು ನಿಮಗೇ ಸಿಗುತ್ತದೆ. ಪೆಡಲಿನ ರಬ್ಬರು, ಸ್ಟಿಯರಿಂಗಿನ ಹೊಳಪು, ಚಾಲಕನ ಸೀಟಿನ ಅಂಚು, ಗೇರಿನ ಗುಂಡು ನೋಡಿ. ಸವೆದ ಗಾಡಿಯಲ್ಲಿ ಪೆಡಲ್ ರಬ್ಬರು ಮಾತ್ರ ಹೊಚ್ಚ ಹೊಸದಾಗಿದ್ದರೂ ಅನುಮಾನಿಸಿ. ಬಾನೆಟ್ಟಿನ ಒಳಗೂ ಬಾಗಿಲಿನ ಚೌಕಟ್ಟಿನಲ್ಲೂ ಆಯಿಲ್ ಬದಲಿಸಿದ ಚೀಟಿ ಉಳಿದಿದೆಯೇ ಹುಡುಕಿ. ಮುಂಗಡ ಕೊಡುವ ಮೊದಲು, ಈಗಿನ ಯಜಮಾನನನ್ನು ಜೊತೆಗೆ ಕರೆದುಕೊಂಡು ಹೋಗಿ ಕಂಪೆನಿಯ ಸರ್ವಿಸ್ ದಾಖಲೆ ತೆಗೆಸಿ. ಅದಕ್ಕೆ ಅವನು ಒಪ್ಪದಿದ್ದರೆ ಉತ್ತರ ಸಿಕ್ಕಿದಂತೆಯೇ. ಸರಕಾರದ ಪರಿವಾಹನ್ ತಾಣದಲ್ಲಿ ನಂಬರು ಹಾಕಿದರೆ ಗಾಡಿ ಎಷ್ಟನೆಯ ಕೈಯಲ್ಲಿದೆ, ವಿಮೆ ಇದೆಯೇ, ಬ್ಯಾಂಕಿನ ಸಾಲ ಇದೆಯೇ ಎಂದು ತಿಳಿಯುತ್ತದೆ. ನಿಮ್ಮದೇ ಮೆಕ್ಯಾನಿಕ್‌ನನ್ನು ಜೊತೆಗೆ ಕರೆದುಕೊಂಡು ಹೋಗಿ, ಎಂಜಿನ್ ತಣ್ಣಗಿರುವಾಗ ಒಮ್ಮೆ, ಒಂದು ಏರು ಹತ್ತಿಸಿದ ಮೇಲೆ ಒಮ್ಮೆ ನೋಡಲಿ. ಊರೊಳಗೆ ಸುತ್ತಿಸಿ ತೋರಿಸಿದ ಗಾಡಿಯ ಬಂಡವಾಳ ಘಾಟಿಯಲ್ಲಿ ತಿಳಿಯುತ್ತದೆ.

ಹೊರರಾಜ್ಯದ ಗಾಡಿ ತರುವವರು ಇನ್ನೊಂದನ್ನು ಲೆಕ್ಕಕ್ಕೆ ಹಿಡಿಯಬೇಕು. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಬೇರೆ ರಾಜ್ಯದಲ್ಲಿ ಇಟ್ಟುಕೊಂಡರೆ ಅಲ್ಲಿನ ನಂಬರು ಪಡೆಯಬೇಕು, ಅದಕ್ಕೆ ಮೂಲ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು, ಹೊಸ ರಾಜ್ಯದ ತೆರಿಗೆ ಬೇರೆ. ಅಗ್ಗವೆಂದು ತಂದದ್ದು ಅಲ್ಲಿಗೆ ಅಗ್ಗವಾಗಿ ಉಳಿಯದು.

ಕರಾರಿನಲ್ಲಿ ಮೀಟರಿನ ಅಂಕಿಯನ್ನು ಬರೆಸಿ, "ಇದು ನಿಜವಾದದ್ದು" ಎಂಬ ಒಂದು ಸಾಲು ಸೇರಿಸಿ ಎನ್ನಿ. ಓದಲಾಗದ ಲಿಪಿಯಲ್ಲಿದ್ದರೆ ಓದಬಲ್ಲ ಒಬ್ಬರನ್ನು ಕರೆತನ್ನಿ, ಇಲ್ಲವೇ ನಾಳೆ ಬರುತ್ತೇನೆ ಎನ್ನಿ. ನಾಳೆಯವರೆಗೆ ಕಾಯಲಾರದ ವ್ಯಾಪಾರ ನಮಗೆ ಬೇಡ.

ಮಾರುವವರಿಗೂ ಒಂದು ಮಾತು. ಕೀಲಿಕೈ ಕೊಟ್ಟು ಹಣ ಎಣಿಸಿಕೊಂಡರೆ ಋಣ ಮುಗಿಯಲಿಲ್ಲ. ದಾಖಲೆಯಲ್ಲಿ ಹೆಸರು ಬದಲಾಗುವವರೆಗೆ ಗಾಡಿ ನಿಮ್ಮದೇ. ಮಾರಿದ ಗಾಡಿ ಹಲವು ಕೈ ದಾಟಿ ಅಪಘಾತವಾದ ಒಂದು ಪ್ರಕರಣದಲ್ಲಿ, ದಾಖಲೆಯಲ್ಲಿ ಹೆಸರಿದ್ದ ಮೊದಲ ಯಜಮಾನನೇ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪು ಕೊಟ್ಟಿದೆ. ರಾಜ್ಯದೊಳಗಿನ ಮಾರಾಟವನ್ನು ಹದಿನಾಲ್ಕು ದಿನದೊಳಗೆ ಆರ್.ಟಿ.ಒ. ಕಚೇರಿಗೆ ತಿಳಿಸಬೇಕಾದ್ದು ಮಾರಿದವನ ಕರ್ತವ್ಯ.

ಭಾವನವರು ಆ ಗಾಡಿಯನ್ನು 2025ರಲ್ಲಿ ಮಾರಿದರು. ಕೊಂಡವರು ಧರ್ಮಪುರಿಯ ಹತ್ತಿರದ ಒಬ್ಬ ಮಾವಿನ ತೋಟದವರು. ಚೀಟಿ ಓದಿ, ಸರ್ವಿಸ್ ದಾಖಲೆ ನೋಡಿ, ರಿಪೇರಿಯ ಬಿಲ್ಲು ನೋಡಿ 1,60,000 ಕೊಟ್ಟರು. ಮಾರುಕಟ್ಟೆಯ ಮಾತಿನಲ್ಲಿ ದೊಡ್ಡ ನಷ್ಟ. ಹೋಗುವಾಗ ಆ ಚೀಟಿ ಕಿತ್ತುಬಿಡಲೇ ಎಂದು ಭಾವನವರು ಕೇಳಿದರಂತೆ.

"ಇರಲಿ ಬಿಡಿ" ಎಂದರಂತೆ ಆ ರೈತರು. "ನಾನೂ ಒಂದು ದಿನ ಮಾರಬೇಕಲ್ಲ."